ಭಾವನ ಸಿಹಿ ಮಾತ್ರೆ

ಐವತ್ತೆರಡು ಕಿಲೋ ತೂಕದ ಮನುಷ್ಯ ತೂಕ ಇಳಿಸಲು ಪಥ್ಯ ಮಾಡುವುದನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಭಾವ, ಅಂದರೆ ಅಕ್ಕನ ಗಂಡ. ಆ ಐವತ್ತೆರಡರಲ್ಲೂ ಎರಡು ಕಿಲೋ ಬೂಟು ಮತ್ತು ಕನ್ನಡಕದ್ದೆಂದು ನನ್ನ ಗುಮಾನಿ! ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಮ್ಯಾನೇಜರ್. ಪ್ರತಿ ಶನಿವಾರ ಮೂಟೆ ತೂಗುವ ತಕ್ಕಡಿಯ ಮೇಲೆ ನಿಂತು, "ಇನ್ನೂ ಇಳೀಬೇಕು" ಎಂದು ತಲೆಯಾಡಿಸುತ್ತಿದ್ದರಂತೆ. ಮೂಟೆ ಹೊರುವವರು ಆ ಕಡೆ ತಿರುಗಿ ನಗುತ್ತಿದ್ದರಂತೆ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಕಾಲೇಜಿನಲ್ಲಿ ಪಾಠ ಹೇಳಲು ನೈರೋಬಿಗೆ ಬಂದು, ಸೌತ್ ಬಿ ಬಡಾವಣೆಯ ಅವರ ಮನೆಯಲ್ಲೇ ಇಳಿದುಕೊಂಡೆ. ಭಾವನ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಪುಟ್ಟ ಡಬ್ಬಿ. ಅದುಮಿದರೆ ಸಾಸಿವೆಗಿಂತ ತುಸು ದೊಡ್ಡ ಮಾತ್ರೆ ಟಿಕ್ ಎಂದು ಬೀಳುತ್ತಿತ್ತು. ಸಕ್ಕರೆಯ ಬದಲು ಅದು. ಲಂಡನ್ನಿಗೆ ಹೋಗಿಬರುವವರ ಕೈಲಿ ಉಳಿದವರು ಸ್ವೆಟರ್ ತರಿಸಿದರೆ ಇವರು ಮಾತ್ರೆ ತರಿಸುತ್ತಿದ್ದರು.

ಈ ಊರಲ್ಲಿ ಟೀ ಎಂದರೆ ನೀರು, ಹಾಲು, ಟೀಪುಡಿ, ಸಕ್ಕರೆ ಎಲ್ಲವೂ ಒಂದೇ ಪಾತ್ರೆಯಲ್ಲಿ ಕುದಿಯಬೇಕು. ಒಲೆ ಹಚ್ಚಿದ ಮೇಲೆ ಸಕ್ಕರೆ ಬೇಡವೆಂದು ಪ್ರಯೋಜನವಿಲ್ಲ. ಹಾಗಾಗಿ ಭಾವ ಅಕ್ಕನೊಡನೆ ಯಾರ ಮನೆಗೆ ಹೋದರೂ ಬೂಟು ಬಿಚ್ಚುವ ಮೊದಲೇ ಅಡುಗೆಮನೆಯತ್ತ ಸ್ವಾಹಿಲಿ ಬೆರೆಸಿ ಕೂಗುತ್ತಿದ್ದರು: "ಬಿಲಾ ಸುಕಾರಿ! ನಮ್ಮಿಬ್ಬರಿಗೂ ಸಕ್ಕರೆ ಬೇಡ." ನಮಸ್ಕಾರವೆಲ್ಲ ಆಮೇಲೆ.

"ನಿಮ್ಮ ಹುಚ್ಚಿಗೆ ಅವರನ್ನ್ಯಾಕೆ ಎಳೀತೀರಿ?" ಎಂದು ಆ ಮನೆಯ ಗೃಹಿಣಿ ಕೇಳಿದರೆ, "ನಾನೊಬ್ನೇ ಸಣ್ಣಗಾದ್ರೆ ಜೋಡಿ ಚೆನ್ನಾಗಿರಲ್ಲ" ಎನ್ನುವರು. ಅಕ್ಕ ನೆಲ ನೋಡುತ್ತ ನಗುವಳು.

ಒಮ್ಮೆ ಗಿಗಿರಿಯ ವಿಶ್ವಸಂಸ್ಥೆ ಕಚೇರಿಯಲ್ಲಿ ಕೆಲಸದಲ್ಲಿದ್ದ ಸ್ನೇಹಿತರೊಬ್ಬರು ಎಚ್ಚರಿಸಿದರು: "ಅದರಿಂದ ಇಲಿಗಳಿಗೆ ಕ್ಯಾನ್ಸರ್ ಬಂತಂತೆ ಸಾರ್. ಮೇಲಾಗಿ ಹಸಿವು ಜಾಸ್ತಿಯಾಗಿ ತೂಕ ಏರುತ್ತಂತೆ."

"ನಾನು ಇಲಿ ಥರ ಕಾಣ್ತೀನಾ?"

ನಿಜ ಹೇಳಬೇಕೆಂದರೆ, ಸ್ವಲ್ಪ ಕಾಣುತ್ತಿದ್ದರು.

ಇದಕ್ಕಿಂತ ದೊಡ್ಡ ಹಗರಣ ಇನ್ನೊಂದಿತ್ತು. ಟೀ ಬಂದೊಡನೆ ಭಾವ ಎಲ್ಲರೆದುರಿಗೇ ಅಕ್ಕನ ಲೋಟದಿಂದ ಒಂದು ಗುಟುಕು ಕುಡಿದು, ಆಮೇಲೆ ಮಾತ್ರೆ ಹಾಕಿ ಅವಳಿಗೆ ಕೊಡುತ್ತಿದ್ದರು. ಮದುವೆಯಾಗಿ ಹದಿನೆಂಟು ವರ್ಷವಾದ ಮೇಲೂ ಸಭೆಯಲ್ಲಿ ಎಂಜಲು ಲೋಟ! ಕನ್ನಡದವರೆಲ್ಲ ಅವರಿಗೆ "ಹಳೇ ಮದುಮಗ" ಎಂದು ಹೆಸರಿಟ್ಟರು. ಹಾಗೆ ನಗುವವರಲ್ಲಿ ನಾನೇ ಮುಂದು.

ನಾನು ಬೇರೆ ಮನೆ ಮಾಡಿದ ಮೊದಲ ಭಾನುವಾರ ಇಬ್ಬರೂ ಬಂದರು. ಎಂದಿನಂತೆ ಬಾಗಿಲಲ್ಲೇ ಕೂಗಾಯಿತು. "ಆಯ್ತು ಭಾವ" ಎಂದ ನಾನು, ಅವರ ಮುಖ ನೋಡುವ ಚಪಲಕ್ಕೆ ಬೇಕೆಂದೇ ಸಕ್ಕರೆ ಸುರಿದು ಕುದಿಸಿದೆ.

ಭಾವ ಅಕ್ಕನ ಲೋಟದಿಂದ ಒಂದು ಗುಟುಕು ಕುಡಿದರು. ನಾನು ನಗಲು ಸಿದ್ಧನಾದೆ. ಆದರೆ ಅವರು ಡಬ್ಬಿ ತೆಗೆಯಲಿಲ್ಲ. ಅವಳ ಲೋಟವನ್ನು ಪೂರ್ತಿ ಖಾಲಿ ಮಾಡಿ, ತಮ್ಮದನ್ನೂ ಕುಡಿದು ಮುಗಿಸಿದರು. "ಬಾಯಾರಿಕೆ ಕಣೆ. ನಿಂಗೆ ಬೇರೆ ಮಾಡಿ ತರ್ತೀನಿ" ಎಂದು ಅಡುಗೆಮನೆಗೆ ನಡೆದರು. ನಾನೂ ಹಿಂದೆ ಹೋದೆ.

ಪಾತ್ರೆ ತೊಳೆಯುತ್ತಲೇ ಮೆಲ್ಲಗೆ ಹೇಳಿದರು: "ನಿಮ್ಮಕ್ಕನಿಗೆ ಸಕ್ಕರೆ ಕಾಯಿಲೆ ಕಣಯ್ಯ. ಎರಡು ವರ್ಷ ಆಯ್ತು. ಯಾರಿಗೂ ಗೊತ್ತಾಗಬಾರದು ಅಂತ ಅವಳ ಹಠ. ಹೋದಲ್ಲೆಲ್ಲ ಪಾಪ ಅನ್ನಿಸ್ಕೊಳ್ಳೋದು ಅವಳ ಕೈಲಾಗಲ್ಲ. ನೀನು ಕಾಗದ ಬರೆದು ಊರಲ್ಲಿರೋ ನಿಮ್ಮಮ್ಮನಿಗೆ ತಿಳಿಸಿಬಿಡ್ತೀಯ ಅಂತ ನಿಂಗೂ ಹೇಳಿರಲಿಲ್ಲ."

"ಮತ್ತೆ ನಿಮ್ಮ ಪಥ್ಯ?"

"ಎಲ್ಲಾರೂ ನನ್ನ ನೋಡಿ ನಗ್ತಿದ್ರೆ ಅವಳ ಲೋಟ ಯಾರು ನೋಡ್ತಾರೆ?"

ನನಗೆ ನಾಚಿಕೆಯಾಯಿತು. ಕಣ್ಣಲ್ಲಿ ನೀರೂ ಬಂತು. ಅವರು ಅದನ್ನು ನೋಡದವರಂತೆ ಮೂವರಿಗೂ ಹಾಲು ಅಳೆದರು.

"ಅಷ್ಟು ಹೊತ್ತು ಏನ್ ಮಾಡ್ತಿದ್ರಿ ಇಬ್ರೂ?" ಎಂದಳು ಅಕ್ಕ, ನಾವು ಹೊಸ ಟೀ ತಂದಿಟ್ಟಾಗ. ಭಾವ ಅವಳ ಲೋಟದಿಂದ ಗುಟುಕು ಕುಡಿದು, ಮಾತ್ರೆ ಹಾಕಿ ಕೊಟ್ಟರು. ನಾನು ನನ್ನ ಲೋಟವನ್ನೂ ಮುಂದೆ ಚಾಚಿದೆ.

"ನಂಗೂ ಎರಡು ಹಾಕಿ ಭಾವ. ಹೊಟ್ಟೆ ಬರ್ತಾ ಇದೆ."

"ಇವನಿಗೂ ಹಿಡೀತು ಹುಚ್ಚು" ಎಂದು ಅಕ್ಕ ಮನಸಾರೆ ನಕ್ಕಳು. ಟಿಕ್ ಟಿಕ್ ಎಂದು ಎರಡು ಮಾತ್ರೆ ಬಿದ್ದವು. ಕುಡಿದೆ. ಆ ಮಾತ್ರೆ ಸಿಹಿಯ ಹಿಂದೆಯೇ ನಾಲಿಗೆಯ ಮೇಲೆ ಕಹಿ ಉಳಿಸುತ್ತದೆ ಎಂದು ಅವತ್ತು ಗೊತ್ತಾಯಿತು. ಎರಡು ವರ್ಷದಿಂದ ಕುಡಿಯುತ್ತಿದ್ದ ಭಾವ ಅದನ್ನು ಒಂದು ದಿನವೂ ಹೇಳಿರಲಿಲ್ಲ.