ಬಸ್ ಸ್ಟಾಪಿನ ಕಂಬದ ಮೇಲೊಬ್ಬಳು ಎಂಜಿನಿಯರು

ಪುಟ್ಟಲಕ್ಷ್ಮಮ್ಮ: ಇಳ್ಸಯ್ಯ ಆ ಫ್ಲೆಕ್ಸ್‌ನ! ಕಂಪ್ನಿ ಬಸ್ ಬರೋ ಹೊತ್ತಾಯ್ತು. ಮಗಳ ಕೆಲ್ಸಕ್ಕೆ ನೀನೇ ಮಣ್ಣು ಹಾಕ್ಬ್ಯಾಡ.

ಮಾಯಣ್ಣ: ಇಳ್ಸಾಕಿಲ್ಲ ಅಂದ್ರೆ ಇಳ್ಸಾಕಿಲ್ಲ! ಕನಕಪುರಕ್ಕೆ ಹೋಗಿ ಪ್ರಿಂಟ್ ಹಾಕ್ಸಿವ್ನಿ. ಕಟ್ಟಿದ ದಾರ ಇನ್ನೂ ಹೊಸದಾಗೈತೆ.

ಕೋಡಿಹಳ್ಳಿ ಬಸ್ ಸ್ಟಾಪಿನ ಎದುರು ಎರಡು ಕಂಬಗಳ ನಡುವೆ ಅವರ ಮಗಳು ಶಿವಲಕ್ಷ್ಮಿ ಫ್ಲೆಕ್ಸಿನಲ್ಲಿ ಬೆಳ್ಳಗೆ ನಗುತ್ತಿದ್ದಳು. ‘ಹಾರೋಹಳ್ಳಿ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರುತ್ತಿರುವ ನಮ್ಮೂರ ಹೆಮ್ಮೆಯ ಎಂಜಿನಿಯರ್ ಕು. ಶಿವಲಕ್ಷ್ಮಿ, ಬಿ.ಇ., ಅವರಿಗೆ ಹಾರ್ದಿಕ ಅಭಿನಂದನೆಗಳು.’ ಕೆಳಗೆ ಶುಭ ಕೋರುವವರ ಸಾಲಿನಲ್ಲಿ ಅರ್ಧ ಊರಿನ ಮುಖಗಳು. ನಿಜವಾದ ಶಿವಲಕ್ಷ್ಮಿ ಮಾತ್ರ ಕಂಬದ ಬುಡದಲ್ಲಿ ಟಿಫನ್ ಬಾಕ್ಸ್ ಅವುಚಿಕೊಂಡು ಅಳುವ ಹಾಗೆ ನಿಂತಿದ್ದಳು.

ಶಿವಲಕ್ಷ್ಮಿ: ಅಪ್ಪಾ, ನಾನು ಬರೀ ಡಿಪ್ಲೊಮಾ ಅಂತ ಹೇಳಿ ಸೇರ್ಕೊಂಡಿರೋದು. ಬಿ.ಇ. ಅಂದ್ರೆ ತಗಳಲ್ಲ ಅವ್ರು. ‘ನಾಳೆ ಬೆಂಗ್ಳೂರಲ್ಲಿ ಒಳ್ಳೆ ಕೆಲ್ಸ ಸಿಕ್ರೆ ಬುಟ್ಟು ಹೋಯ್ತೀರ’ ಅಂತಾರೆ.

ಮಾಯಣ್ಣ: ಡಿಪ್ಲೊಮಾ ಆದ್ಮೇಲೆ ಮೂರು ವರ್ಷ ಬಿ.ಇ. ಓದ್ದಲ್ಲಾ, ಆ ಮೂರು ವರ್ಷ ಏನ್ ಮಾಡ್ತಿದ್ದೆ ಅಂತ ಕೇಳ್ಲಿಲ್ವಾ?

ಶಿವಲಕ್ಷ್ಮಿ: ಕೇಳುದ್ರು. ಕುರಿ ಕಾಯ್ತಿದ್ದೆ ಅಂದೆ.

ಮಾಯಣ್ಣ: ಲೇ! ಕುರಿ ಮಾರಿ ನಿನ್ನ ಓದ್ಸಿದ್ದು ಕಣೇ ನಾನು!

ಶಿವಲಕ್ಷ್ಮಿ: ಖುಸಿಯಾಗ್ಬುಟ್ರು ಕಣಪ್ಪ. ‘ತಾಳ್ಮೆ ಐತೆ, ಮಷೀನ್ ಮುಂದೆ ನಿಲ್ತಾಳೆ’ ಅಂದ್ರು.

ಅಷ್ಟರಲ್ಲಿ ಬೋರಲಿಂಗಯ್ಯ ಪಂಚೆ ಎತ್ತಿಕೊಂಡು ಓಡಿ ಬಂದ. ಶುಭ ಕೋರುವವರಲ್ಲೆಲ್ಲ ದೊಡ್ಡ ಮುಖ ಅವನದೇ. ಪಂಚಾಯ್ತಿ ಎಲೆಕ್ಷನ್ನಿಗೆ ನಿಲ್ಲುವ ಆಸೆಯ ಮನುಷ್ಯ, ಹುಟ್ಟುಹಬ್ಬವೋ ತಿಥಿಯೋ, ಊರಲ್ಲಿ ಯಾವ ಫ್ಲೆಕ್ಸ್ ಎದ್ದರೂ ಅದರೊಳಗೆ ಇಣುಕದೆ ಬಿಡುವವನಲ್ಲ.

ಬೋರಲಿಂಗಯ್ಯ: ಯಾವನ್ಲಾ ನನ್ ಮಖ ಇಳ್ಸೋನು?

ಪುಟ್ಟಲಕ್ಷ್ಮಮ್ಮ: ನಿನ್ ಮಖಕ್ಕಿಂತ ನನ್ ಮಗಳ ಅನ್ನ ದೊಡ್ಡದು ಕಣಣ್ಣ.

ಬೋರಲಿಂಗಯ್ಯ: ಹಂಗಾದ್ರೆ ಫ್ಲೆಕ್ಸ್ ಇರ್ಲಿ, ‘ಬಿ.ಇ.’ ಮೇಲೆ ಒಸಿ ಸಗಣಿ ಬಳೀರಿ. ಎಲ್ಲಾರ್ ಮಾನ ಉಳೀತದೆ.

ಆ ಎರಡಕ್ಷರಕ್ಕಾಗಿ ಮಾಯಣ್ಣ ಕುರಿಹಟ್ಟಿಯನ್ನೇ ಖಾಲಿ ಮಾಡಿದ್ದ.

ಮಾಯಣ್ಣ: ನನ್ ಮಗಳ ಓದಿನ ಮೇಲೆ ಸಗಣಿಯಾ? ಅದ್ನ ನಿನ್ ಮಖಕ್ಕೆ ಬಳ್ಕೊ, ಹೋಗ್ಲಾ!

ಶಿವಲಕ್ಷ್ಮಿ: ಅಪ್ಪಾ, ಮನೇಲಿ ಕೂತು ಕೂತು ಸಾಕಾಗೋಗೈತೆ. ಬಂದೋರೆಲ್ಲಾ ‘ಇನ್ನೂ ಸಿಕ್ಲಿಲ್ವಾ’ ಅಂತಾರೆ. ಈ ಕೆಲ್ಸಾನೂ ಹೋದ್ರೆ ನಾನ್ ಯಾರ್ಗೂ ಮಖ ತೋರ್ಸಲ್ಲ.

ಮಾಯಣ್ಣ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿ ಕಂಬ ಹತ್ತಿದ, ದಾರ ಕೊಯ್ದ. ಫ್ಲೆಕ್ಸು ಬೋರಲಿಂಗಯ್ಯನ ತಲೆಯ ಮೇಲೇ ಬಿತ್ತು. ಅವನು ಅದರೊಳಗಿಂದ ಬೈಯುತ್ತಿರುವಾಗಲೇ ಬಸ್ಸು ಬಂದು ನಿಂತಿತು. ಸೂಪರ್‌ವೈಸರ್ ಅಸ್ಗರ್ ಮೊಬೈಲ್ ನೋಡುತ್ತಲೇ ಇಳಿದ.

ಅಸ್ಗರ್: ಶಿವಲಕ್ಷ್ಮಿ ನೀವೇನಾ? ಡಿಪ್ಲೊಮಾ?

ಶಿವಲಕ್ಷ್ಮಿ: ಹ್ಞೂ ಸಾರ್, ಡಿಪ್ಲೊಮಾನೇ.

ಅಸ್ಗರ್: ಅದಕ್ಕಿಂತ ಮೇಲೆ ಏನೂ ಇಲ್ವಾ?

ಪುಟ್ಟಲಕ್ಷ್ಮಮ್ಮ: ದೇವರಾಣೆ ಏನೂ ಇಲ್ಲ ಸ್ವಾಮಿ! ಶುದ್ಧ ದಡ್ಡಿ!

ಅಸ್ಗರ್: ಅರೆ, ಹಂಗಾದ್ರೆ ಮನೆಗೆ ಹೋಗಿ. ಈಗಷ್ಟೇ ಮೆಸೇಜ್ ಬಂತು. ಫಾರಿನ್‌ನೋರು ಫ್ಯಾಕ್ಟ್ರಿ ನೋಡೋಕೆ ಬತ್ತಾವ್ರಂತೆ, ಎಲ್ಲಾ ಎಂಜಿನಿಯರ್ಸೇ ಇದಾರೆ ಅಂತ ತೋರಿಸ್ಬೇಕಂತೆ. ಇವತ್ತಿಂದ ಬಿ.ಇ. ಆಗಿದ್ರೆ ಮಾತ್ರ ಒಳಗೆ.

ಮಾಯಣ್ಣ ಸರಕ್ಕನೆ ಬೋರಲಿಂಗಯ್ಯನ ಮೇಲಿದ್ದ ಫ್ಲೆಕ್ಸಿನ ಒಂದು ತುದಿ ಎಳೆದ, ಇನ್ನೊಂದು ತುದಿಯನ್ನು ಪುಟ್ಟಲಕ್ಷ್ಮಮ್ಮ ಹಿಡಿದಳು.

ಮಾಯಣ್ಣ: ಓದ್ಕೊಳ್ಳಿ ಸಾರ್! ಮೆಕ್ಯಾನಿಕಲ್! ಫಸ್ಟ್ ಕ್ಲಾಸು!

ಅಸ್ಗರ್: ಕುರಿ ಕಾಯ್ತಿದ್ದೆ ಅಂತ ಇಂಟರ್‌ವ್ಯೂನಲ್ಲಿ ಅಂದಿದ್ರಂತಲ್ಲ?

ಪುಟ್ಟಲಕ್ಷ್ಮಮ್ಮ: ಭಾನುವಾರ ಕಾಯ್ತಿದ್ಲು.

ಅಸ್ಗರ್: ಈಗಿನ್ನೂ ಶುದ್ಧ ದಡ್ಡಿ ಅಂದ್ರಿ?

ಪುಟ್ಟಲಕ್ಷ್ಮಮ್ಮ: ದಡ್ಡಿ ಆಗಿದ್ಕೇ ಅಲ್ವಾ ಸ್ವಾಮಿ, ಎಂಜಿನಿಯರಿಂಗ್ ಓದಿರೋದು.

ಮಾಯಣ್ಣ: ಬಿ.ಇ. ಅಂದ್ಮೇಲೆ ಸಂಬಳ ಜಾಸ್ತಿ ಮಾಡ್ತೀರಲ್ವಾ ಸಾರ್?

ಅಸ್ಗರ್: ಸಂಬಳ ಡಿಪ್ಲೊಮಾದ್ದೇ. ಮೆಸೇಜಲ್ಲಿ ಅದನ್ನ ಮಾತ್ರ ಎರಡು ಸಲ ಬರ್ದವ್ರೆ.

ಮಾಯಣ್ಣ ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಶಿವಲಕ್ಷ್ಮಿ ಬಸ್ಸಿನ ಮೆಟ್ಟಿಲು ಹತ್ತಿಬಿಟ್ಟಿದ್ದಳು. ಅವಳ ಮುಖದಲ್ಲಿ ನಗು ಕಂಡು ಅವನ ಸಿಟ್ಟು ಅಲ್ಲೇ ಕರಗಿತು. ಅಸ್ಗರ್ ಬಾಗಿಲಲ್ಲಿ ನಿಂತು ಒಳಗಿದ್ದವರಿಗೆ ಕೂಗಿ ಹೇಳಿದ.

ಅಸ್ಗರ್: ನೀವೆಲ್ಲ ಐ.ಟಿ.ಐ., ಡಿಪ್ಲೊಮಾ ಅಂತ ಸೇರಿದೋರು. ಯಾರಾದ್ರೂ ಕದ್ದುಮುಚ್ಚಿ ಬಿ.ಇ. ಮಾಡಿದ್ರೆ ಕೈ ಎತ್ತಿ, ಬೈಯಲ್ಲ. ಮಿಕ್ಕೋರು ಇಳೀರಿ.

ಹಿಂದಿನ ಸೀಟಿನಲ್ಲಿ ಒಂದು ಕೈ ಅಂಜುತ್ತಾ ಮೇಲೆದ್ದಿತು. ಪಕ್ಕದಲ್ಲಿ ಇನ್ನೊಂದು. ನೋಡನೋಡುತ್ತಿದ್ದಂತೆ ಬಸ್ಸಿನ ತುಂಬ ಕೈಗಳೇ. ಒಬ್ಬರೂ ಇಳಿಯಲಿಲ್ಲ. ಡ್ರೈವರ್ ಚಿಕ್ಕರಾಜುವೂ ಸ್ಟೇರಿಂಗ್ ಬಿಟ್ಟು ಕೈ ಎತ್ತಿದ್ದ.

ಅಸ್ಗರ್: ನಿನ್ನನ್ನ ಯಾರಪ್ಪ ಕೇಳಿದ್ರು?

ಚಿಕ್ಕರಾಜು: ನಂದು ಸಿವಿಲ್ ಸಾರ್. ರೋಡ್ ಮಾಡಾಕೆ ಅಂತ ಓದ್ದೆ. ಮಾಡಾಕೆ ಯಾರೂ ಬುಡ್ಲಿಲ್ಲ, ಅದ್ರ ಗುಂಡಿ ತಪ್ಸಾಕೆ ಇಟ್ಕೊಂಡ್ರು.