ಕಾಫಿ ಕೂಜ ಬಿಟ್ಟು ಹೊರಟವನನ್ನು ಯಾರೂ ಕರೆಯಲಿಲ್ಲ

ವ್ಯಾಪಾರದಲ್ಲಿ ಗೆಲ್ಲಲು ಕಾಲು ಗಟ್ಟಿಯಿರಬೇಕು. ಬೆಲೆ ಹೊಂದದಿದ್ದರೆ ಎದ್ದು ಹೊರಟುಬಿಡಬೇಕು, ತಿರುಗಿ ನೋಡಬಾರದು. ಅಂಗಡಿಯವನೇ "ಬನ್ನಿ ಸ್ವಾಮೀ, ಬನ್ನಿ" ಎಂದು ಕೂಗುತ್ತಾನೆ. ದೇವಲಾಪುರ, ಹೊಣಕೆರೆ ಕಡೆ ಸೈಕಲ್ಲಿನಲ್ಲಿ ಪಾತ್ರೆ ಮಾರುತ್ತಿದ್ದ ನಾನು ಶ್ರೀರಂಗಪಟ್ಟಣದಲ್ಲಿ ಸ್ವಂತ ಪಾತ್ರೆ ಅಂಗಡಿ ಇಟ್ಟದ್ದು ಈ ವಿದ್ಯೆಯಿಂದಲೇ. ನೀವೂ ಕಲಿತುಕೊಳ್ಳಿ. ದುಬೈನಲ್ಲಿ ಮಾತ್ರ ಪ್ರಯೋಗಿಸಬೇಡಿ!

ಆ ದುಬೈ ಪ್ರವಾಸ ಗೊತ್ತುಮಾಡುವಾಗ ಪಾಂಡವಪುರದ ಟೂರ್ ಏಜೆಂಟನ ಮುಂದೆಯೂ ನಾನು ಎದ್ದು ಹೊರಟಿದ್ದೆ. ಅವನು ಕರೆದಾಗಲೆಲ್ಲ ರೇಟು ಇಳಿಯಿತು. ರೇಟಿನ ಜೊತೆಗೆ ಗೈಡು, ಮಧ್ಯಾಹ್ನದ ಊಟ, ಹೆಂಡತಿಯ ಫೋನಿಗೆ ಅಲ್ಲಿನ ಸಿಮ್ಮು, ಇವೂ ಇಳಿದುಹೋಗಿದ್ದವು ಎಂಬುದು ವಿಮಾನ ಇಳಿದ ಮೇಲೆ ತಿಳಿಯಿತು.

ಊರೇನೋ ಅದ್ಭುತ. ಬಸ್ ಸ್ಟಾಪಿಗೂ ಎ.ಸಿ.! ನಾವು ರಸ್ತೆ ದಾಟುವವರೆಗೆ ಕಾರುಗಳು ಹಾರನ್ ಕೂಡ ಮಾಡದೆ ಕಾಯುತ್ತವೆ. ಪಾಪ, ಅವಸರವಿರಬಹುದೆಂದು ನಾನೇ ಒಬ್ಬನಿಗೆ "ಹೋಗಿ" ಎಂದು ಕೈಬೀಸಿದೆ. ಆತನೂ ಕೈಬೀಸಿದ. ಸ್ವಲ್ಪ ಹೊತ್ತು ಇಬ್ಬರೂ ಕೈಬೀಸುತ್ತಲೇ ಇದ್ದೆವು.

ನನ್ನ ಹೆಂಡತಿ ಸಾವಿತ್ರಿ ಇಷ್ಟಪಟ್ಟದ್ದು ಒಂದೇ ಒಂದು ವಸ್ತು. ಕೊಕ್ಕಿನಂಥ ಮೂತಿಯ ಹಿತ್ತಾಳೆ ಕಾಫಿ ಕೂಜ. ಹಳೇ ಪೇಟೆಯ ಅಂಗಡಿಯೊಂದರಲ್ಲಿ ಅದು ಸಿಕ್ಕಿತು. ಬಿಳಿಗಡ್ಡದ ಮಾಲೀಕರ ಮುಂದೆ ಕೂಜಕ್ಕೆ ಬೆರಳಿನಿಂದ ತಟ್ಟಿ ನೋಡಿ, ಅರ್ಧ ಬೆಲೆ ಹೇಳಿದೆ. ಅವರು ನಕ್ಕು "ಫಿಕ್ಸ್ ರೇಟ್" ಎಂದರು.

ಯಾರಿಗೂ ಅರ್ಥವಾಗದ ನಮ್ಮ ಭಾಷೆಯಲ್ಲಿ ಹೆಂಡತಿಗೆ ಧೈರ್ಯವಾಗಿ ಹೇಳಿದೆ: "ನಾನು ಕ್ವಾಪ ಮಾಡ್ಕಂಡು ಒಂಟೋಯ್ತೀನಿ. ನೀನು ಕೂಜ ಇಡ್ಕಂಡು ಮೊಕ ಸಪ್ಪಗೆ ಮಾಡ್ಕಂಡು ನಿಂತ್ಕೊ. ಈ ಮುದ್ಕ ಕರೀದೆ ಎಲ್ಲೋಯ್ತಾನೆ?"

"ಬ್ಯಾಡ ಕಣ್ರೀ, ಇದೇನ್ ಕೆ.ಆರ್. ಪೇಟೆ ಸಂತೆ ಅಂದ್ಕಂಡ್ರಾ? ಪರದೇಸ್ದಲ್ಲಿ ನನ್ನೊಬ್ಬಳ್ನೇ ಬುಟ್ಟು ಓಗ್ಬೇಡಿ."

"ಯಾಪಾರ ನಿಂಗೇನ್ ಗೊತ್ತು, ಸುಮ್ಕಿರು!"

ಹೊರಟೆ. ಕಿವಿಯೆಲ್ಲ ಹಿಂದಕ್ಕೇ ಇತ್ತು. ಕರೆಯಲಿಲ್ಲ. ನಡಿಗೆ ನಿಧಾನ ಮಾಡಿದೆ. ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗಿದೆ. ಕರೆಯಲಿಲ್ಲ! ಹಾಗೆಂದು ತಿರುಗುವುದುಂಟೇ? ಇಷ್ಟು ವರ್ಷ ಕಾಪಾಡಿಕೊಂಡ ಮಾನ! ಮುಂದಿನ ಓಣಿಗೆ ಹೊಕ್ಕೆ. ಅದರ ಮುಂದಿನದಕ್ಕೂ.

ಕೊನೆಗೆ ಮಾನ ಬದಿಗಿಟ್ಟು ತಿರುಗಿದೆ. ಎಲ್ಲ ಓಣಿಗಳೂ ಒಂದೇ ಥರ! ಎಲ್ಲ ಅಂಗಡಿಗಳಲ್ಲೂ ಕೂಜ! ಅಂಗಡಿಯ ಹೆಸರು ನೋಡಿರಲಿಲ್ಲ. ಅವಳ ಪಾಸ್‌ಪೋರ್ಟು ನನ್ನ ಚೀಲದಲ್ಲಿ. ಮೈಸೂರಿನಾಚೆ ಒಬ್ಬಳೇ ಹೋದವಳಲ್ಲ, ಕನ್ನಡ ಬಿಟ್ಟು ಬೇರೇನೂ ಬಾರದು. ಸಿಕ್ಕಸಿಕ್ಕ ಅಂಗಡಿಗೆಲ್ಲ ನುಗ್ಗಿ "ಸಾವಿತ್ರೀ" ಎಂದು ಕೂಗಿದೆ. ಯಾರೋ ಕೂರಿಸಿ ನೀರು ಕೊಟ್ಟರು. ಬಂಗಾಳದ ಹಮಾಲಿಯೊಬ್ಬ ತನ್ನ ಗಾಡಿ ಬಿಟ್ಟು ನನ್ನ ಜೊತೆ ಅಂಗಡಿ ಅಂಗಡಿ ಅಲೆದ. ಅವರ ಋಣ ಹೇಗೆ ತೀರಿಸಲಿ! 'ರಂಗನಾಥಾ, ಹೆಂಡತಿ ಸಿಗಲಿ. ಕೂಜಕ್ಕೆ ಅವರು ಹೇಳಿದ ಬೆಲೆಯನ್ನೇ ಕೊಡುತ್ತೇನೆ' ಎಂದು ಬೇಡಿಕೊಂಡೆ.

ಆಗ ಹಿಂದಿನಿಂದ ಅಚ್ಚಗನ್ನಡದಲ್ಲಿ ಕೂಗು ಬಂತು: "ಬನ್ನಿ ಸ್ವಾಮೀ, ಬನ್ನಿ!"

ಬಿಳಿಗಡ್ಡದವರು! ಏದುಸಿರು ಬಿಡುತ್ತಿದ್ದರು.

"ನಿಮಗೆ ಕನ್ನಡ ಬರುತ್ತಾ?"

"ನಾನು ಕಾಸರಗೋಡಿನವ ಮಾರಾಯ್ರೆ. ಮುದುಕ ಅಂದದ್ದೂ ಕೇಳಿತು."

"ಮತ್ತೆ ಆಗ್ಲೇ ಕರೀಬಾರ್ದಾ?"

"ನೀವು ಬಾಗಿಲ ಹೊರಗೇ ನಿಂತಿದ್ದೀರಿ ಅಂತ ಗ್ರಹಿಸಿದೆ. ಊರು ಬಿಟ್ಟು ಹೋಗ್ತೀರಿ ಅಂತ ಯಾರಿಗೆ ಗೊತ್ತು! ಹೀಗೆ ಕೂಗಿದರೆ ಮಾತ್ರ ತಿರುಗ್ತೀರಿ ಅಂತ ನಿಮ್ಮ ಮನೆಯವರೇ ಹೇಳಿಕೊಟ್ಟದ್ದು."

"ಅಂಗಡೀಲಿ ಯಾರಿದ್ದಾರೆ?"

"ಅವರೇ ನೋಡಿಕೊಳ್ತಿದ್ದಾರೆ!"

ಓಡಿದೆವು. ಸಾವಿತ್ರಿ ಮಾಲೀಕರ ಕುರ್ಚಿಯಲ್ಲಿ ಕೂತಿದ್ದಳು, ಪಕ್ಕದಲ್ಲಿ ಚಹಾ. ಎದುರಿಗೆ ಬಿಳಿಯ ಗಂಡಹೆಂಡತಿ ಬೆರಳು ತೋರಿಸಿ ಚೌಕಾಸಿ ಮಾಡುತ್ತಿದ್ದರು. ಸಾವಿತ್ರಿ ಮುಗುಳ್ನಕ್ಕು "ಫಿಕ್ಸ್ ರೇಟ್" ಎಂದಳು. ಅವರು ಎದ್ದು ಹೊರಟರು. ಇವಳು ಕರೆಯಲಿಲ್ಲ. ಅವರೇ ವಾಪಸ್ ಬಂದು ಕೊಂಡುಕೊಂಡರು!

ನನ್ನನ್ನು ಕಂಡೊಡನೆ ಅವಳ ಕಣ್ಣು ತುಂಬಿತು. "ಇನ್ನೊಂದ್ಸಲ ಅಂಗ್ ಬುಟ್ಟೋಗಿ, ನೋಡ್ಕತೀನಿ!"

ಪೂರ್ತಿ ಬೆಲೆ ತೆಗೆದುಕೊಳ್ಳಿ ಎಂದು ಕಾಸರಗೋಡಿನವರಿಗೆ ದುಂಬಾಲು ಬಿದ್ದೆ. ಒಪ್ಪಲೇ ಇಲ್ಲ. "ತಂಗಿ ವ್ಯಾಪಾರ ಮಾಡಿಕೊಟ್ಟಿದ್ದಾಳೆ, ಇದು ಅವಳಿಗೆ" ಎಂದು ಕೂಜವನ್ನು ಸಾವಿತ್ರಿಯ ಕೈಗಿತ್ತರು. ನನ್ನ ಜೀವಮಾನದಲ್ಲಿ ನಾನು ಸೋತ ಮೊದಲ ಚೌಕಾಸಿ ಅದು!

ಈಗ ನಮ್ಮಂಗಡಿಯ ಗಲ್ಲಾದ ಮೇಲೆ ಆ ಕೂಜ, ಗಲ್ಲಾದ ಹಿಂದೆ ಸಾವಿತ್ರಿ. ಯಾರಾದರೂ ಎದ್ದು ಹೊರಟರೆ ನನಗೆ ಕೂರಲಾಗುವುದಿಲ್ಲ. ಪಾಪ, ಎಷ್ಟು ದೂರ ಹೋಗುತ್ತಾರೋ! "ಬನ್ನಿ ಸ್ವಾಮೀ" ಎನ್ನುತ್ತಾ ಬೀದಿಗೆ ಓಡುತ್ತೇನೆ.

"ಓಡ್ಬ್ಯಾಡಿ ಕಣ್ರೀ, ಅವ್ರೇ ಬತ್ತಾರೆ" ಎಂಬ ಮಾತು ಒಳಗಿನಿಂದ ಬರುತ್ತದೆ.

ಅವರೂ ಬರುತ್ತಾರೆ! ನಾನು ಮಾತ್ರ ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗಿದ್ದು, ಮೆಲ್ಲಗೆ ಒಳಗೆ ಬರುತ್ತೇನೆ.