ಹೊರದೇಶದ ಸಂಬಂಧ ಬ್ಯಾಡ್ರಿ ಸರ

ಪಾಠದ ಮಾತು ಕ್ಲಾಸಿನ್ಯಾಗೇ ಉಳೀಬೇಕು ಅಂತ ನಾ ಎಷ್ಟು ಬಡಕೊಂಡ್ರೂ, ಅದು ಬಾಗಿಲಾ ದಾಟಿ ಹೋಗಿ ನನ್ನ ಮರ್ಯಾದಿ ತಗದೇ ಬರ್ತೈತಿ. ಹಳಿಯಾಳದ ಕಾಲೇಜಿನ್ಯಾಗ ರಾಜ್ಯಶಾಸ್ತ್ರ ಕಲಿಸಾವ ನಾನು. ದೇಶದೇಶ ಯಾಕ ಜಗಳಾ ಆಡ್ತಾವ, ಹೆಂಗ ರಾಜಿ ಆಗ್ತಾವ ಅನ್ನೂದು ನನ್ನ ಪೇಪರ್. ಹೆಸರು ‘ಅಂತರರಾಷ್ಟ್ರೀಯ ಸಂಬಂಧಗಳು’. ಈ ಹೆಸರಿಟ್ಟ ಪುಣ್ಯಾತ್ಮ ನಮ್ಮ ಕಡೆ ಹೆಣ್ಣು ನೋಡಾಕ ಬಂದಾವಲ್ಲ.

ಬೋರ್ಡು

ಈ ವರ್ಷ ಪ್ರಾಂಶುಪಾಲರು ಕರದು ಹೇಳಿದ್ರು: "ಹುಡುಗ್ರು ನಿಮ್ಮ ಪೇಪರ್ ತಗೊಳ್ಳದಿದ್ರ ಬಂದ್ ಮಾಡ್ತೀವ್ರಿ. ನಿಮಗ ಬ್ಯಾರೆ ಊರಿಗೆ ವರ್ಗಾ."

ದಾಂಡೇಲಿ ಅಂಬೇವಾಡ್ಯಾಗ ಮನಿ ಕಟ್ಟಿ ಕುಂತಾವ ನಾನು. ಅವತ್ತೇ ಕಾಲೇಜಿನ ಗೇಟಿಗೆ ಬೋರ್ಡ್ ಹಾಕಿಸಿದೆ: ‘ಅಂತರರಾಷ್ಟ್ರೀಯ ಸಂಬಂಧಗಳು. ಆಸಕ್ತರು ಒಳಗೆ ಬಂದು ವಿಚಾರಿಸಿ.’

ಮೊದಲ ಬಂದಾವ್ರು ಮುಂಡಗೋಡ ತಾಲೂಕಿನ ಪಾಳಾದ ಒಬ್ಬ ಗೌಡ್ರು. ಹಣಿ ತುಂಬ ವಿಭೂತಿ, ಕೈಯಾಗ ಮಗಳ ಮಾರ್ಕ್ಸ್ ಕಾರ್ಡು. ಕುರ್ಚಿ ತುದಿಗೆ ಕುಂತು ದನಿ ಸಣ್ಣ ಮಾಡಿ ಕೇಳಿದ್ರು:

"ಸರ, ಸಂಬಂಧ ಹೇಳಾವ್ರು ನೀವೇ ಏನ್ರಿ?"

"ಹೌದ್ರಿ, ಭಾಳ ವರ್ಷದಿಂದ ನಾನೇ ಹೇಳ್ತೀನಿ."

"ಯಾವ ಯಾವ ಕಡೇವು?"

"ಅಮೆರಿಕಾ, ರಷ್ಯಾ, ಚೀನಾ. ನೇಪಾಳದ್ದೂ ಐತ್ರಿ."

ಗೌಡ್ರು ಮಾರ್ಕ್ಸ್ ಕಾರ್ಡು ಮಡಚಿ ಕಿಸೇದಾಗ ಇಟ್ಕೊಂಡ್ರು. "ಬ್ಯಾಡ್ರಿ ಸರ. ನಾವು ಹುಬ್ಬಳ್ಳಿ ದಾಟಿ ಹೆಣ್ಣು ಕೊಡೂದಿಲ್ಲ."

ಟವೆಲ್

ಸುದ್ದಿ ಜೋಯಿಡಾ ತನಕ ಮುಟ್ಟಿತು: ಹಳಿಯಾಳದ ಮಾಸ್ತರ ಹುಡುಗ್ಯಾರನ್ನ ಹೊರದೇಶಕ್ಕ ಗಂಟು ಹಾಕ್ತಾನಂತ! ನನ್ನ ಪೇಪರ್ ತಗೊಳ್ಳಾವ್ರು ಹೆಚ್ಚಾಗಿ ಹುಡುಗ್ಯಾರೇ. ಗೌಡ್ರ ಮಗಳು ಬಂದು, "ಸರ, ನನಗ ಇದೇ ಪೇಪರ್ ಬೇಕ್ರಿ. ಅಪ್ಪಗ ಹೆಂಗರ ತಿಳಸ್ರಿ," ಅಂತ ಕಣ್ಣಾಗ ನೀರು ತಂದ್ಲು. ನನಗೂ ಕೆಟ್ಟನಿಸಿತು.

ಇನ್ನ ಕಂಡಕಂಡಲ್ಲಿ ಪಾಠ ಹೇಳಿ ಹುಡುಗ್ರನ್ನ ಹಿಡೀಬೇಕು ಅಂತ ಠರಾಯಿಸಿದೆ. ದಾಂಡೇಲಿ ಬಸ್ ಸ್ಟ್ಯಾಂಡಿನ್ಯಾಗ ಅವಕಾಶಾನೂ ಸಿಕ್ತು. ಬಸ್ಸಿನ ಒಂದೇ ಸೀಟಿಗೆ ಇಬ್ಬರು ಕಿಟಕಿಯಿಂದ ಟವೆಲ್ ಒಗದಿದ್ರು. ಒಬ್ಬ "ನಂದು ಮೊದಲು" ಅಂತಾನ, ಇನ್ನೊಬ್ಬ "ನಂದು ಮ್ಯಾಲೈತಿ" ಅಂತಾನ. ನಾ ನಡುವ ಹೋಗಿ, "ಟವೆಲ್ ಹಾಕಿದ್ರ ಸಾರ್ವಭೌಮತ್ವ ಬರೂದಿಲ್ಲಪಾ, ಉಳಿದಾವ್ರ ಮಾನ್ಯತಾ ಬೇಕು," ಅಂತ ಶುರು ಹಚ್ಚಿದೆ. ಸುತ್ತ ನಿಂತ ಕಾಲೇಜು ಹುಡುಗ್ರು ಕಿವಿಗೊಟ್ಟು ಕೇಳಾಕತ್ತಿದ್ರು, ನನಗೂ ಹುರುಪು ಬಂತು. ಅಷ್ಟರಾಗ ಜೋಯಿಡಾ ಕಡೆಯ ಒಬ್ಬಾಕಿ ಬುಟ್ಟಿ ಸಮೇತ ಬಂದು ಎರಡೂ ಟವೆಲ್ ಮ್ಯಾಲೆ ಕುಂತ್ಲು.

"ಮಾವಶಿ, ಅದು ವಿವಾದಿತ ಪ್ರದೇಶ ಐತಿ!" ಅಂದೆ.

"ಕುಂತ ಮ್ಯಾಲೆ ಎಂಥಾ ವಿವಾದೋ ತಮ್ಮಾ," ಅಂದು ಎಲಿ ಅಡಿಕಿ ಚೀಲಾ ಬಿಚ್ಚಿದ್ಲು.

ಅಲಿಪ್ತ

ಇತಿಹಾಸದಾವ್ರಿಗೂ ಅರ್ಥಶಾಸ್ತ್ರದಾವ್ರಿಗೂ ಸ್ಟಾಫ್ ರೂಮಿನ ಒಂದೇ ಫ್ಯಾನಿನ ಸಲುವಾಗಿ ಜಗಳ. ಒಬ್ಬರಿಗೆ ಜೋರು ಬೇಕು, ಇನ್ನೊಬ್ಬರಿಗೆ ಬಂದ್ ಬೇಕು. ಇಬ್ಬರೂ ನನ್ನ ಬೆಂಬಲ ಕೇಳಿದ್ರು. ಅವರು ತಮ್ಮ ಕ್ಲಾಸಿನ್ಯಾಗ ಒಂದು ಮಾತು ಹೇಳಿದ್ರ ನನ್ನ ಪೇಪರಿಗೆ ಹುಡುಗ್ರು ಬರ್ತಿದ್ರು. ಹಿಂಗಾಗಿ ಯಾರನ್ನೂ ಕಳಕೊಳ್ಳೂದು ಬ್ಯಾಡಂತ, "ನಂದು ಅಲಿಪ್ತ ನೀತಿರಿ," ಅಂದೆ.

ಸಂಜಿಮುಂದ ಇಬ್ಬರೂ ಒಂದಾಗಿ ನನ್ನ ಟೇಬಲ್ ಎತ್ತಿ ವರಾಂಡಾದಾಗ ಇಟ್ಟಿದ್ರು. ನೀತಿಯಂತೂ ಗೆದ್ದಿತು. ಯಾರ ಗಾಳಿನೂ ನನಗ ಸೋಕಲಿಲ್ಲ.

ಪಾಲಕರ ಸಭೆ

ಪೇಪರ್ ಆರಿಸೂ ಕಡೀ ದಿನ ಪ್ರಾಂಶುಪಾಲರು ಪಾಲಕರನ್ನ ಕರಿಸಿ, "ನೀವೇ ತಿಳಿಸಿ ಹೇಳ್ರಿ," ಅಂತ ನನ್ನನ್ನ ಮುಂದ ದಬ್ಬಿದ್ರು. ಪಾಳಾದ ಗೌಡ್ರು ತಮ್ಮ ತಾಯೀನ್ನೂ ಕರಕೊಂಡು ಬಂದಿದ್ರು.

"ಇದರಾಗ ಮದಿವಿ ಮಾತೇ ಇಲ್ರಿ. ಒಪ್ಪಂದ, ರಾಯಭಾರಿ, ಇಂಥಾವು ಇರ್ತಾವ," ಅಂದೆ.

"ಒಪ್ಪಂದ ಅಂದ್ರ?" ಅಂತ ಗೌಡ್ರು ಎದ್ದು ನಿಂತ್ರು.

"ಎರಡೂ ಕಡೇವ್ರು ಕುಂತು ಮಾತಾಡಿ, ಒಪ್ಪಿ, ನಾಕ ಮಂದಿ ಮುಂದ ಸಹಿ ಹಾಕೂದು."

"ನಿಶ್ಚಯ!" ಅಂತ ಹಿಂದಿಂದ ಯಾರೋ ಅಂದ್ರು.

"ರಾಯಭಾರಿ ಅಂದ್ರ?"

"ಇವರ ಕಡೆಯಾವ ಅವರಲ್ಲಿ ಹೋಗಿ ಇರೂದು."

"ಮನಿ ಅಳಿಯಾ!"

ನಾ ಬಿಡಿಸಿ ಹೇಳಿದಷ್ಟೂ ಅವರು ಹೆಚ್ಚು ಅಂಜಿದ್ರು. ಗೌಡ್ರ ಮಗಳು ಓಢಣಿಲೆ ಮಾರಿ ಮುಚ್ಚಿಕೊಂಡ್ಲು. ಮುಗೀತು, ಗಂಟುಮೂಟಿ ಕಟ್ಟೂದೊಂದೇ ಬಾಕಿ ಅಂದ್ಕೊಂಡೆ. ಆವಾಗ ಗೌಡ್ರ ತಾಯಿ ಬಾಯಿ ಬಿಟ್ರು.

"ಮಾಸ್ತರ, ನಿಮಗ ಹೆಣ್ಮಕ್ಕಳು?"

"ಒಬ್ಬಾಕಿ ಮಗಳ್ರಿ ಅಮ್ಮಾ. ಮದಿವಿ ಆಗೇತಿ."

"ಯಾವ ದೇಶಕ್ಕ ಕೊಟ್ಟೀರಿ?"

ನಾ ತಲಿ ತಗ್ಗಿಸಿ ಖರೇನೇ ಹೇಳಿದೆ: "ನಮ್ಮ ಓಣ್ಯಾಗೇ ಕೊಟ್ಟೀನ್ರಿ. ಎದುರು ಮನಿ."

ಅಜ್ಜಿ ಹೊಟ್ಟಿ ಹಿಡಕೊಂಡು ನಕ್ಕು ಮಗನ ಕಡೆ ತಿರುಗಿದ್ರು. "ಸುಮ್ನ ಅಂಜಿಯಲ್ಲೋ! ಇಷ್ಟು ವರ್ಷ ಸಂಬಂಧ ಹೇಳಿ ತನ್ನ ಮಗಳನ್ನೇ ಓಣಿ ದಾಟಸಾಕ ಆಗಿಲ್ಲ ಇವಗ. ನಮ್ಮ ಹುಡುಗೀನ್ನ ಏನ್ ದಾಟಸ್ತಾನ? ಹೆಸರು ಹಚ್ಚು!"

ಗೌಡ್ರು ಹಚ್ಚಿದ್ರು. ಅವರ ಹಿಂದ ಉಳಿದಾವ್ರೂ ಹಚ್ಚಿದ್ರು. ಪೇಪರ್ ಉಳೀತು, ವರ್ಗಾ ತಪ್ಪಿತು. ಮಂದಿ ಹೋದ ಮ್ಯಾಲೆ ಪ್ರಾಂಶುಪಾಲರು ನನ್ನ ಹೆಗಲ ಮ್ಯಾಲೆ ಕೈ ಇಟ್ಟು ಅಂದ್ರು:

"ಸರ, ಬರೂ ವರ್ಷ ಭಾಷಣ ಬ್ಯಾಡ್ರಿ. ಅಳಿಯನ್ನ ಕರಕೊಂಡು ಬಂದು ತೋರಿಸ್ಬಿಡ್ರಿ."